ಒಂದು ಕಲ್ಲು, ಒಂದು ಲೋಟ ನೀರು

ಹೋದ ವಾರ ಮಟಮಟ ಮಧ್ಯಾಹ್ನ ನಮ್ಮ ಅತ್ತೆ ನಮ್ಮ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಸಿಕ್ಕಿದರು.

ಸಿಕ್ಕಿದರು ಎಂದೇ ಬರೆಯಬೇಕು. ಅವರು ಅಲ್ಲಿ ನಿಂತಿರಲಿಲ್ಲ, ಕೂತಿರಲೂ ಇಲ್ಲ. ಲಂಟಾನ ಪೊದೆಯ ಪಕ್ಕ, ಕಾದ ಕೆಂಪು ಮಣ್ಣಿನ ಮೇಲೆ ಒರಗಿಬಿಟ್ಟಿದ್ದರು. ಪಕ್ಕದಲ್ಲಿ ಹಿತ್ತಾಳೆ ಚೊಂಬು ಉರುಳಿತ್ತು. ಅದರಲ್ಲಿದ್ದ ನೀರನ್ನು ನೆಲ ಆಗಲೇ ಕುಡಿದು ಮುಗಿಸಿತ್ತು.

"ಸರೋಜಮ್ಮಾ, ಬೇಗ ಬನ್ರೀ. ನಿಮ್ಮತ್ತೆ ಬಿದ್ದಿದಾರೆ" ಎಂದು ಕೂಗಿದವರು ಹಿಂದಿನ ಬೀದಿಯ ಕಮಲಮ್ಮ. (ಅವರ ಅಡುಗೆಮನೆಯ ಕಿಟಕಿ ಆ ಸೈಟಿನ ಕಡೆಗೆ ತೆರೆದಿದೆ. ಆ ಕಿಟಕಿಯಿಂದ ಏನೇನು ಕಾಣಿಸುತ್ತದೆ ಎನ್ನುವುದು ನನಗೆ ಆಮೇಲೆ ತಿಳಿಯಿತು.)

ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ ಗೊತ್ತೇ? ಮುಂದಿನ ಕೋಣೆಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ ನಿಮಗಾಗಿ ಈ ಕಾಲಂ ಬರೆಯುತ್ತಿದ್ದೆ. ವಿಷಯ, ಬೇಸಗೆಯ ಕೊನೆಯಲ್ಲೂ ಹಿತ್ತಲನ್ನು ಹಸಿರಾಗಿ ಇಟ್ಟುಕೊಳ್ಳುವುದು ಹೇಗೆ. ಅರ್ಧ ಪುಟ ಆಗಿತ್ತು. ಆ ಅರ್ಧ ಪುಟವನ್ನು ಅವತ್ತೇ ಸಂಜೆ ಒಲೆಗೆ ಹಾಕಿದೆ.

ಓಡಿದೆ. ಚಪ್ಪಲಿ ಮೆಟ್ಟಿದೆನೋ ಇಲ್ಲವೋ ನೆನಪಿಲ್ಲ. ನಾನೂ ಕಮಲಮ್ಮನೂ ಎರಡು ಕಡೆ ಹಿಡಿದು ಅತ್ತೆಯನ್ನು ಎಬ್ಬಿಸಿದೆವು. ಕಣ್ಣು ಬಿಟ್ಟರು. ತುಟಿ ಒಡೆದು ಬಿಳಿಚಿತ್ತು. ಮನೆಗೆ ಹತ್ತಿರದ ದಾರಿ ಎಂದರೆ ಬೇಲಿಯ ಸಂದಿಯಿಂದ ನಮ್ಮ ಹಿತ್ತಲಿಗೆ ನುಗ್ಗಿ, ಹಿಂಬಾಗಿಲಿಂದ ಒಳಗೆ ಹೋಗುವುದು. ನಾನು ಅತ್ತ ತಿರುಗಿದೆ. ಅತ್ತೆ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದರು.

"ಬೇಡ. ಮುಂದ್ಗಡೆಯಿಂದ ಹೋಗೋಣ."

ತಲೆ ನಿಲ್ಲುತ್ತಿಲ್ಲ, ಕಾಲು ನಿಲ್ಲುತ್ತಿಲ್ಲ, ಮುಂಬಾಗಿಲೇ ಬೇಕೆ? ಬಿಸಿಲಿಗೆ ಬುದ್ಧಿ ಸ್ವಲ್ಪ ಆಚೀಚೆ ಆಗಿರಬೇಕು ಎಂದುಕೊಂಡೆ. ಮೂಲೆ ಸುತ್ತಿಕೊಂಡು, ಬೀದಿಯವರೆಲ್ಲ ನೋಡುತ್ತಿರುವಂತೆ ಅವರನ್ನು ಮುಂಬಾಗಿಲಿಂದಲೇ ಮನೆಗೆ ತಂದೆವು.

ಡಾಕ್ಟರು ಬಂದರು. ಅತ್ತೆಯ ಕೈಯ ಮೇಲಿನ ಚರ್ಮವನ್ನು ಹಿಡಿದೆತ್ತಿ ಬಿಟ್ಟರು. ಅದು ಎತ್ತಿದ ಹಾಗೇ ನಿಂತಿತು. ನಾಲಿಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಇವರಿಗೆ ಮನೇಲಿ ನೀರು ಕೊಡೋದಿಲ್ವೇನಮ್ಮ?"

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನೀರು ಕೊಡೋದಿಲ್ವೆ? ಇಡೀ ಬೀದಿಯಲ್ಲಿ ಎಲ್ಲರ ಗಿಡ ಒಣಗಿ ಕಡ್ಡಿಯಾಗಿರುವಾಗ ನೀರು ಹರಿಯುತ್ತಿರುವುದು ನನ್ನ ಹಿತ್ತಲೊಂದರಲ್ಲೇ. ಅಂಥ ಮನೆಯಲ್ಲಿ ಒಬ್ಬ ಮುದುಕಿ ನೀರಿಲ್ಲದೆ ಬೀಳುವುದೇ?

"ಸಾರ್, ಅವರು ವ್ರತ ಇಟ್ಕೊಂಡಿದಾರೆ" ಎಂದೆ.

"ಯಾವ ವ್ರತ ಆದ್ರೂ ಮೂತ್ರಪಿಂಡಕ್ಕೆ ಗೊತ್ತಾಗಲ್ಲಮ್ಮ. ಇವತ್ತು ಸಿಕ್ಕಿದ್ರು. ಇನ್ನೂ ಸ್ವಲ್ಪ ದಿನ ಹೀಗೇ ಬಿಟ್ಟಿದ್ರೆ ನಾನು ಬಂದೂ ಪ್ರಯೋಜನ ಇರ್ತಿರಲಿಲ್ಲ. ಬಾರ್ಲಿ ಗಂಜಿ, ಎಳನೀರು, ಏನಾದ್ರೂ ಸರಿ. ಕುಡಿಸ್ತಾನೇ ಇರಿ."

ಬಾರ್ಲಿ ಗಂಜಿ ಮಾಡಲು ಅಡುಗೆಮನೆಗೆ ಹೋದೆ. ಅಲ್ಲಿ ಇನ್ನೊಂದು ಆಘಾತ. ಬಾರ್ಲಿ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಬಾರ್ಲಿ ಹೋಗಲಿ, ಉಪ್ಪು ಎಲ್ಲಿದೆಯೋ ಗೊತ್ತಿಲ್ಲ. ಎರಡು ಮಕ್ಕಳ ತಾಯಿ (ಮಕ್ಕಳು ರಜಕ್ಕೆ ನಮ್ಮ ತವರಿಗೆ ಹೋಗಿದ್ದಾರೆ), ವಾರ ವಾರ ಊರಿಗೆಲ್ಲ ಸಂಸಾರದ ಬುದ್ಧಿ ಹೇಳುವವಳು, ಸ್ವಂತ ಮನೆಯಲ್ಲಿ ಡಬ್ಬಿ ಡಬ್ಬಿ ತೆಗೆದು ಮೂಸಿ ನೋಡುತ್ತ ನಿಂತಿದ್ದೆ.

"ಅತ್ತೆ, ಉಪ್ಪು ಎಲ್ಲಿದೆ?" ಎಂದು ಕೂಗಿ ಕೇಳಬೇಕಾಯಿತು.

"ಒಲೆ ಎಡಕ್ಕೆ, ಮರದ ಮರಿಗೇಲಿ" ಎಂದಿತು ಹಾಸಿಗೆಯಿಂದ ಒಂದು ಸಣ್ಣ ದನಿ.

ಇದೆಲ್ಲ ಹೇಗಾಯಿತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹನುಮಂತನಗರದ ವಠಾರ ಬಿಟ್ಟು ಜಯನಗರದ ಈ ಸ್ವಂತ ಮನೆಗೆ ನಾವು ಬಂದಾಗ ಇಲ್ಲಿ ಮನೆಗಳಿಗಿಂತ ಸೈಟುಗಳೇ ಹೆಚ್ಚು. ಪಕ್ಕದಲ್ಲಿ ಹಳೇ ಊರಿನ ಈಶ್ವರನ ಗುಡಿ. ಹಿಂದೆ ಖಾಲಿ ಸೈಟು, ಲಂಟಾನ, ಆಗೊಮ್ಮೆ ಈಗೊಮ್ಮೆ ಹಾವು. ನಮ್ಮ ಹಿತ್ತಲು ಅಂದರೆ ಕಲ್ಲು, ಗಾರೆಯ ಹೆಂಟೆ, ಒಡೆದ ಹೆಂಚು. ಹಿತ್ತಲ ಆ ತುದಿಗೆ ಕಕ್ಕಸು. (ಮನೆಯೊಳಗೇ ಕಕ್ಕಸು ಕಟ್ಟಿಸುವ ಹೊಸ ಫ್ಯಾಷನ್ನಿಗೆ ಅತ್ತೆ ಒಪ್ಪಲಿಲ್ಲ. ದೇವರೂ ಅದೂ ಒಂದೇ ಸೂರಿನಡಿ ಇರುವುದುಂಟೆ? ಬಚ್ಚಲೇನೋ ಒಳಗಿದೆ. ಅದು ಸ್ನಾನಕ್ಕೆ ಮಾತ್ರ, ಮತ್ತೆ ಯಾವುದಕ್ಕೂ ಅಲ್ಲ ಎನ್ನುವುದು ಅವರ ಶಾಸನ.) ಇಂಥ ವಿಷಯವನ್ನೂ ಕಾಲಮ್ಮಿನಲ್ಲಿ ಬರೆಯುತ್ತಾರೆಯೇ ಎಂದು ಮೂಗು ಮುರಿಯಬೇಡಿ. ಇಡೀ ಕಥೆ ಆ ಕಕ್ಕಸಿನ ದಾರಿಯ ಮೇಲೆ ನಿಂತಿದೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ. ನಮ್ಮ ಮನೆಯಲ್ಲಿ ಅತ್ತೆಗೊಂದು ಜಾಗ, ಸೊಸೆಗೊಂದು ಜಾಗ. ಅಡುಗೆಮನೆ ಅವರದು. ನಾನು ಮದುವೆಯಾಗಿ ಬಂದ ದಿನದಿಂದಲೂ ಅವರದೇ. ಅಡುಗೆಯೆಲ್ಲ ಮಡಿಯಲ್ಲಿ. ನಾನು ಹೊಸ್ತಿಲಾಚೆ ನಿಂತು, "ಅತ್ತೆ, ಒಂದು ಲೋಟ ನೀರು" ಎನ್ನಬೇಕು. ಅವರು ತಂದು ಹೊಸ್ತಿಲ ಮೇಲೆ ಇಡಬೇಕು. ಅವರು ಒಲೆಯ ಮುಂದೆ ಏನಾದರೂ ತಿರುವುತ್ತಿದ್ದರೆ ನನ್ನ ಗಂಟಲು ಕಾಯಬೇಕು. ಇದರಲ್ಲಿ ನನಗೆ ವಿಶೇಷವೇನೂ ಕಂಡಿರಲಿಲ್ಲ. ನಮ್ಮಮ್ಮನೂ ಹಾಗೇ ನಿಂತಿದ್ದನ್ನು ನೋಡಿದ್ದೇನೆ.

ಹಿತ್ತಲು ನನ್ನದು. ಹೆಂಚು ಆಯ್ದವಳು ನಾನು, ಕೆರೆಮಣ್ಣು ಹೊಡೆಸಿದವಳು ನಾನು. ನಿಮಗೆ ಇದೆಲ್ಲ ಗೊತ್ತೇ ಇದೆ, ನನ್ನ ಬದನೆ ಪಾತಿಯ ಪುರಾಣ ಕೇಳಿ ಕೇಳಿ ನಿಮ್ಮ ಕಿವಿ ತೂತಾಗಿದೆ. ಆದರೆ ಒಂದು ಜಗಳದ ವಿಷಯ ನಿಮಗೆ ಹೇಳಿರಲಿಲ್ಲ.

ಮೊದಲ ವರ್ಷ ಲಾಲ್‌ಬಾಗಿನ ಹತ್ತಿರದಿಂದ ಜಿನಿಯಾ ಸಸಿ ತಂದು ಹಾಕಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಅವು ಬೇರುಸಹಿತ ಬೇಲಿಯ ಮೇಲಿವೆ. ಅವಿದ್ದ ಜಾಗದಲ್ಲಿ ತಾನಾಗಿ ಹುಟ್ಟಿದ್ದ ತುಂಬೆ ಗಿಡಕ್ಕೆ ಸುತ್ತಲೂ ಚೆಂದವಾಗಿ ಕಲ್ಲು ಜೋಡಿಸಿಟ್ಟಿದೆ. ಅತ್ತೆಯ ಕೆಲಸ. ತುಂಬೆ ಈಶ್ವರನಿಗೆ ಪ್ರೀತಿ. ಜಿನಿಯಾ ಯಾರಿಗೆ ಪ್ರೀತಿ? ಅವರ ಪ್ರಕಾರ ಅದು ಕಳೆ.

ನನಗೆ ನೆತ್ತಿಗೇರಿತು. ಅಂದುಬಿಟ್ಟೆ. "ನೋಡಿ ಅತ್ತೆ, ನಿಮ್ಮ ಅಡುಗೆಮನೇಲಿ ನಾನು ಒಂದು ಲೋಟ ಜರುಗಿಸಲ್ಲ. ನನ್ನ ಹಿತ್ತಲಲ್ಲಿ ನೀವು ಒಂದು ಕಲ್ಲು ಜರುಗಿಸಬೇಡಿ."

"ಆಗಲಮ್ಮ" ಎಂದರು ಅತ್ತೆ. ಅಷ್ಟೇ. ಅವತ್ತಿನಿಂದ ಅವರು ಹಿತ್ತಲಲ್ಲಿ ಒಂದು ಕರಿಬೇವಿನ ಎಲೆಯನ್ನೂ ನನ್ನನ್ನು ಕೇಳದೆ ಕಿತ್ತವರಲ್ಲ. ಎಂಥ ಶಾಂತಿ, ಎಂಥ ಒಪ್ಪಂದ ಎಂದು ನಾನು ಬೀಗಿದ್ದೆ.

ಈಗ ಈ ಬೇಸಗೆಗೆ ಬರೋಣ. ಅಶ್ವಿನಿ ಮಳೆ ಕೈಕೊಟ್ಟಿತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ಭರಣಿಯೂ ಮುಖ ತೋರಿಸಲಿಲ್ಲ. ನಲ್ಲಿಯಲ್ಲಿ ಬೆಳಗಿನ ಜಾವ ದಾರದಷ್ಟು ಸಣ್ಣಗೆ ನೀರು ಬಂದು, ಕೊಡಗಳು ತುಂಬುವುದರೊಳಗೆ ನಿಲ್ಲುತ್ತಿತ್ತು. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಸ್ನಾನದ ನೀರು ಎಲ್ಲವನ್ನೂ ಗಿಡಕ್ಕೇ ಹೊತ್ತೆ. ಸಾಲಲಿಲ್ಲ. ಬದನೆ ತಲೆ ಬಾಗಿಸಿತು. ಮಲ್ಲಿಗೆ ಮೊಗ್ಗು ಕೆಂಪಗಾಗಿ ಉದುರಿತು. ಮಧ್ಯಾಹ್ನದ ಹೊತ್ತು ಹಿತ್ತಲ ಕಡೆ ನೋಡಿದರೆ ಹೊಟ್ಟೆ ಉರಿಯುತ್ತಿತ್ತು.

ಅದೇ ಹೊತ್ತಿಗೆ ಪಕ್ಕದ ಗುಡಿಯಲ್ಲಿ ಏನು ನಡೆಯುತ್ತಿತ್ತು? ಹಳೇ ಊರಿನ ಹೆಂಗಸರು ಸಾಲುಗಟ್ಟಿ ಬಿಂದಿಗೆಗಟ್ಟಲೆ ನೀರನ್ನು ಈಶ್ವರನ ತಲೆಯ ಮೇಲೆ ಸುರಿಯುತ್ತಿದ್ದರು. ಮಳೆ ಬರದಿದ್ದರೆ ಲಿಂಗವನ್ನು ನೀರಿನಲ್ಲಿ ಮುಳುಗಿಸುವುದು ಅವರ ಪದ್ಧತಿ. ಉಸಿರು ಕಟ್ಟಿದರೆ ಅವನು ಮೋಡ ಬಿಡುತ್ತಾನಂತೆ. ಗುಡಿಯ ಬಾವಿ ಎಂದೂ ಬತ್ತಿದ್ದಲ್ಲ. ಮಳೆ ತಡವಾದಷ್ಟೂ ಈಶ್ವರನಿಗೆ ನೀರು ಹೆಚ್ಚು! ಅಷ್ಟೂ ನೀರು ಗೋಡೆಯ ಗೋಮುಖಿಯಿಂದ ಹೊರಬಂದು ಎಲ್ಲಿಗೆ ಹೋಗುತ್ತಿತ್ತು? ಚರಂಡಿಗೆ.

ನನಗೆ ಐಡಿಯಾ ಹೊಳೆಯದೆ ಇರುತ್ತದೆಯೇ?

ಪೂಜಾರಿ ನಂಜುಂಡಯ್ಯನವರನ್ನು ಕೇಳಿದೆ. ಅವರು ಒದ್ದೆ ಪಂಚೆ ಹಿಂಡುತ್ತ, "ಚರಂಡಿಗೆ ಹೋಗೋ ಬದ್ಲು ನಾಕು ಗಿಡಕ್ಕೆ ಹೋದ್ರೆ ಸ್ವಾಮಿಗೂ ಸಂತೋಷವೇ ಕಣಮ್ಮ. ತಗೊಂಡು ಹೋಗಿ" ಎಂದರು. ನಾನು ಅವತ್ತೇ ಗುದ್ದಲಿ ಹಿಡಿದೆ. ಗುಡಿಯ ನೆಲ ಎತ್ತರ, ನಮ್ಮದು ತಗ್ಗು. ಕಾಂಪೌಂಡಿನ ಬುಡದಲ್ಲಿ ಒಂದು ತೂತು. ಅಲ್ಲಿಂದ ಹಿತ್ತಲಿಗೆ ಅಡ್ಡಲಾಗಿ, ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಗೇಣಗಲದ ಕಾಲುವೆ. ಅದರಿಂದ ಒಂದೊಂದು ಪಾತಿಗೂ ಒಂದೊಂದು ಬಾಯಿ. ಯಾವ ಎಂಜಿನಿಯರೂ ಬೇಕಾಗಲಿಲ್ಲ.

ನೀರು ಬಂತು. ಹಾಲು ಬೆರೆತ, ವಿಭೂತಿ ಬೆರೆತ, ಬಿಲ್ವಪತ್ರೆ ತೇಲಿಸಿಕೊಂಡು ಬಂದ ನೀರು. ವಾರ ತುಂಬುವುದರೊಳಗೆ ಬದನೆ ಎದ್ದು ನಿಂತಿತು. ದಂಟಿನ ಸೊಪ್ಪು ಮೊಣಕಾಲೆತ್ತರ ಬಂತು. ಮಲ್ಲಿಗೆ ಮತ್ತೆ ಮೊಗ್ಗು ಬಿಟ್ಟಿತು. ನಮ್ಮ ಯಜಮಾನರು ಸಂಜೆ ಆಫೀಸಿನಿಂದ ಬಂದು ಸೈಕಲ್ಲು ನಿಲ್ಲಿಸಿ, ಆ ಕಾಲುವೆಯನ್ನು ಒಂದೇ ಹೆಜ್ಜೆಗೆ ದಾಟಿ, "ಭಗೀರಥ ಬಿಟ್ರೆ ನೀನೇ" ಎಂದರು.

ಕಮಲಮ್ಮ ಕರಿಬೇವಿಗೆ ಬಂದವರು ಕಾಲುವೆ ನೋಡಿ ಚಪ್ಪಲಿ ಕಳಚಿದರು. ಬಗ್ಗಿ, ಬೆರಳು ಅದ್ದಿ, ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡರು. ಕಾಲುವೆಯ ಈಚೆಗೇ ನಿಂತು, ನಾನು ಕಿತ್ತುಕೊಟ್ಟ ಕರಿಬೇವು ತೆಗೆದುಕೊಂಡು ಹೋದರು. ನನ್ನ ಬದನೆಗೂ ಮೋಕ್ಷ ಸಿಕ್ಕಿತು ಎಂದು ನಾನು ನಕ್ಕೆ. ಹಿಂಬಾಗಿಲಲ್ಲಿ ನಿಂತಿದ್ದ ಅತ್ತೆ ನಗಲಿಲ್ಲ. ನಾನು ಅದನ್ನು ನೋಡಿದೆ. ನೋಡಿ ಸುಮ್ಮನಾದೆ. ಅವರು ನಗದೆ ಇರುವುದು ಹೊಸದೇನಲ್ಲವಲ್ಲ.

ಆಮೇಲೆ ಅತ್ತೆ ಮಧ್ಯಾಹ್ನದ ಕಾಫಿ ಬಿಟ್ಟರು. "ಸೆಖೆಗೆ ಸೇರಲ್ಲ" ಎಂದರು. ರಾತ್ರಿಯ ಊಟ ಬಿಟ್ಟರು. "ಮಳೆ ಬರೋವರೆಗೂ ಒಪ್ಪೊತ್ತು" ಎಂದರು. ಮಜ್ಜಿಗೆ ಬೇಡ, ನೀರೂ ಸಾಕು. ನಮ್ಮತ್ತೆಗೆ ವ್ರತಗಳಿಗೇನು ಬರವೇ? ಶ್ರಾವಣದಲ್ಲಿ ಒಂದು, ಕಾರ್ತೀಕದಲ್ಲಿ ಒಂದು. ಇದು ಮಳೆ ವ್ರತ ಎಂದುಕೊಂಡೆ. ಅವರ ಅಡುಗೆಮನೆಯಲ್ಲಿ ಅವರು ಏನು ಉಣ್ಣುತ್ತಾರೆ, ಎಷ್ಟು ಕುಡಿಯುತ್ತಾರೆ ಎಂದು ಹೊಸ್ತಿಲಾಚೆಯವಳು ಹೇಗೆ ನೋಡಬೇಕು?

ಸರಿ, ಮತ್ತೆ ಅವತ್ತಿನ ಮಧ್ಯಾಹ್ನಕ್ಕೆ ಬರುತ್ತೇನೆ.

ಡಾಕ್ಟರು ಹೋದರು. ಗಂಜಿ ಕುಡಿದು ಅತ್ತೆ ಕಣ್ಣು ಮುಚ್ಚಿದರು. ಕಮಲಮ್ಮನನ್ನು ಗೇಟಿನವರೆಗೆ ಕಳಿಸಲು ಹೋದೆ. ಈ ಉರಿಬಿಸಿಲಿನಲ್ಲಿ ಇವರು ಆ ಹಾಳು ಸೈಟಿಗೆ ಯಾಕೆ ಹೋದರೋ ಎಂದು ಗೊಣಗಿದೆ. ಕಮಲಮ್ಮ ನನ್ನ ಮುಖವನ್ನೇ ನೋಡಿದರು.

"ದಿನಾ ಹೋಗ್ತಾರಲ್ರೀ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಮುಂಬಾಗಿಲಿಂದ ಹೊರಟು, ಮೂಲೆ ಸುತ್ಕೊಂಡು, ಆ ಸೈಟು ದಾಟಿ, ಬೇಲಿ ಸಂದೀಲಿ ನುಗ್ಗಿ ನಿಮ್ಮ ಹಿತ್ತಲಿಗೇ. ಕೈಯಲ್ಲಿ ಚೊಂಬು ಇರತ್ತೆ. ಮತ್ತೆ ಹಾಗೇ ಸುತ್ಕೊಂಡು ಬರ್ತಾರೆ. ನೀವು ಕಾಲುವೆ ತೆಗೆದಾಗಿನಿಂದ. ನಿಮಗೆ ಗೊತ್ತಿಲ್ವೆ?"

ನನಗೆ ಗೊತ್ತಿಲ್ಲ! ಹಿಂದಿನ ಬೀದಿಯ ಕಿಟಕಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ.

ನಾನು ಸೀದಾ ಹಿತ್ತಲಿಗೆ ಹೋದೆ. ಬೇಲಿಯ ಸಂದಿಯ ಮುಳ್ಳಿನಲ್ಲಿ ಅತ್ತೆಯ ನೀಲಿ ಸೀರೆಯ ನೂಲು ಸಿಕ್ಕಿಕೊಂಡಿತ್ತು. ಒಂದೇ ಅಲ್ಲ, ಹಲವು. ಆ ಕಡೆ ಕಕ್ಕಸು. ಈ ಕಡೆ ಹಿಂಬಾಗಿಲು. ನಡುವೆ ಗೋಡೆಯಿಂದ ಗೋಡೆಗೆ ನನ್ನ ಕಾಲುವೆ, ಬಿಲ್ವಪತ್ರೆ ತೇಲಿಸಿಕೊಂಡು ಹರಿಯುತ್ತಿತ್ತು.

ಆಗ ತಲೆಗೆ ಹೊಳೆಯಿತು. ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಈಶ್ವರನ ಗುಡಿಗೆ ಹೋದವರಿಗೆಲ್ಲ ಗೊತ್ತು. ಅಲ್ಲಿ ಪೂರ್ತಿ ಪ್ರದಕ್ಷಿಣೆ ಇಲ್ಲ. ಅಭಿಷೇಕದ ನೀರು ಹೊರಬರುವ ಗೋಮುಖಿಯವರೆಗೆ ಹೋಗಬೇಕು, ಹಿಂದಿರುಗಬೇಕು. ಆ ನೀರನ್ನು ದಾಟಬಾರದು. ನಾನೂ ಹುಟ್ಟಿದಾಗಿನಿಂದ ಹಾಗೇ ಹಿಂದಿರುಗಿದವಳೇ. ಆದರೆ ಗೋಮುಖಿ ಗುಡಿಯ ಗೋಡೆಯ ಹತ್ತಿರ ಮುಗಿಯುತ್ತದೆ ಎನ್ನುವುದು ನನ್ನ ತಿಳಿವಳಿಕೆ. ನೀರು ಎಲ್ಲಿಯವರೆಗೆ ಹರಿಯುತ್ತದೋ ಅಲ್ಲಿಯವರೆಗೂ ಗೋಮುಖಿಯೇ ಎನ್ನುವುದು ಅತ್ತೆಯ ತಿಳಿವಳಿಕೆ. ನಾನು ನೀರು ತಂದೆ ಎಂದುಕೊಂಡಿದ್ದೆ. ಅವರ ಪಾಲಿಗೆ ನಾನು ತಂದದ್ದು ಒಂದು ಗೋಡೆ.

ಆ ಗೋಡೆಯ ಆಚೆಗೆ ಕಕ್ಕಸು. ಮುಳ್ಳು, ಹಾವು, ಬೀದಿಯವರ ಕಣ್ಣು ಎಲ್ಲ ದಾಟಿ ದಿನಕ್ಕೆ ಎಷ್ಟು ಸಲ ಹೋಗಲಾದೀತು? ಹೋಗುವುದನ್ನು ಕಡಿಮೆ ಮಾಡಬೇಕಾದರೆ ಕುಡಿಯುವುದನ್ನು ಕಡಿಮೆ ಮಾಡಬೇಕು. ಮಾಡಿದರು. ಇದೇ ಆ ಮಳೆ ವ್ರತ. ನನ್ನ ಬದನೆ ಹೊಟ್ಟೆ ತುಂಬ ಕುಡಿಯುತ್ತಿತ್ತು, ನನ್ನ ಅತ್ತೆ ಗುಟುಕು ಗುಟುಕು ಲೆಕ್ಕ ಹಾಕುತ್ತಿದ್ದರು. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಯಾರ ಬಗ್ಗೆಯೋ ಹೇಳುತ್ತಿರುತ್ತೇವೆ. ಆ ಯಾರೋ ಯಾರು ಎಂದು ಅವತ್ತು ತಿಳಿಯಿತು.

ಸಂಜೆ 'ಇವರು' ಬಂದರು. ಹೇಳಿದೆ. ತಾಯಿಯ ಹಾಸಿಗೆಯ ಪಕ್ಕ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದರು. "ಮುಚ್ಚಿಬಿಡು ಸರೋಜ ಆ ಕಾಲುವೇನ. ಬದನೆಕಾಯಿ ಮಾರ್ಕೆಟ್ಟಲ್ಲೂ ಸಿಗತ್ತೆ" ಎಂದರು. ಇಷ್ಟು ಗಟ್ಟಿಯಾಗಿ ಅವರು ನನ್ನೊಡನೆ ಮಾತಾಡಿದ್ದು ಅಪರೂಪ. ನಾನು ಎದುರಾಡಲಿಲ್ಲ. ಗುದ್ದಲಿ ತೆಗೆದುಕೊಂಡೆ. ನಿಜ ಹೇಳುತ್ತೇನೆ, ಅಳು ಬರುತ್ತಿತ್ತು. ಅತ್ತೆಗಾಗಿಯೋ ಮಲ್ಲಿಗೆಗಾಗಿಯೋ ಎಂದು ಕೇಳಬೇಡಿ. ಎರಡಕ್ಕೂ.

ಮೊದಲ ಗುದ್ದಲಿ ಏಟು ಬಿದ್ದಿತ್ತು. ಹಿಂಬಾಗಿಲಲ್ಲಿ ಅತ್ತೆ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಏನ್ ಮಾಡ್ತಿದೀಯ?"

"ಮುಚ್ತಾ ಇದೀನಿ ಅತ್ತೆ."

"ಬೇಡ ಕಣೆ. ಅಷ್ಟು ಜನ ಮಳೆ ಬರ್ಲಿ ಅಂತ ಹೊತ್ತು ಹಾಕಿದ ನೀರು ಅದು. ಅಡ್ಡ ಕಟ್ಟಬಾರದು. ಒಂದು ಕಲ್ಲು ಹಾಸಿಬಿಡು, ಸಾಕು."

"ಕಲ್ಲು?"

"ಹೂಂ. ಮುಚ್ಚಿದ ನೀರು ದಾಟಿದ್ರೆ ದೋಷ ಇಲ್ಲ. ಅಲ್ಲೇ ಇದೆಯಲ್ಲ ಕಡಪ ಕಲ್ಲು."

ಇತ್ತು. ಮನೆ ಕಟ್ಟಿದಾಗ ಮಿಕ್ಕಿದ ಕಡಪ ಕಲ್ಲು, ಹಿಂಬಾಗಿಲ ಪಕ್ಕದಲ್ಲೇ ಗೋಡೆಗೆ ಒರಗಿಕೊಂಡಿತ್ತು. ನನ್ನ ಕೈಗೆ ಎಟುಕುವಷ್ಟು ಹತ್ತಿರ. ಇಷ್ಟು ದಿನವೂ ಅಲ್ಲೇ ಇತ್ತು.

ಗುದ್ದಲಿ ಕೈಯಲ್ಲೇ ಉಳಿಯಿತು. ಇಷ್ಟೇನೇ? ಈ ಒಂದು ಕಲ್ಲಿಗಾಗಿ ಮೂಲೆ ಸುತ್ತಿದ್ದೇ, ಮುಳ್ಳು ನುಗ್ಗಿದ್ದೇ, ಗಂಟಲು ಒಣಗಿಸಿ ಬಯಲಿನಲ್ಲಿ ಬಿದ್ದದ್ದೇ?

"ಅತ್ತೆ, ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಕಲ್ಲೇ ಬೇಕು ಅಂತಿಲ್ಲ. ಒಂದು ಕಡ್ಡಿ ಅಡ್ಡ ಇಟ್ಕೊಂಡ್ರೂ ನಡೆಯತ್ತೆ. ನಮ್ಮಜ್ಜಿ ಹಾಗೇ ದಾಟೋರು."

"ಮತ್ತೆ ಇಟ್ಕೊಂಡು ದಾಟಬಾರದಿತ್ತಾ?"

ಅತ್ತೆ ಅಂದರು, "ಒಂದು ಕಲ್ಲು ಜರುಗಿಸಬೇಡಿ ಅಂದಿದ್ದೆಯಲ್ಲ. ಕಡ್ಡಿ ಹಗುರ ಇರಬಹುದು. ಆಡಿದ ಮಾತು ಹಗುರ ಅಲ್ಲವಲ್ಲ."

ನನಗೆ ಸಿಟ್ಟು ಬಂತು. ಹೌದು, ಸಿಟ್ಟೇ. ನಾಚಿಕೆ ಆಮೇಲೆ ಬಂತು. "ಹೋಗ್ಲಿ, ಬಾಯಿಬಿಟ್ಟು ಹೇಳಬಾರದಿತ್ತಾ? ಸರೋಜ, ನನಗೆ ಕಷ್ಟ ಆಗತ್ತೆ, ಒಂದು ಕಲ್ಲು ಹಾಸು ಅಂತ. ಪ್ರಾಣ ಹೋಗ್ತಿತ್ತಲ್ಲ ಅತ್ತೆ."

"ಹೇಳಿದ್ರೆ ನೀನು ಇವತ್ತಿನ ಹಾಗೇ ನೀರೇ ನಿಲ್ಲಿಸಿಬಿಡ್ತಿದ್ದೆ. ಗಿಡ ಒಣಗೋದು. ಆಮೇಲೆ ಅತ್ತೆ ಮಡಿಯಿಂದ ತೋಟ ಹಾಳಾಯ್ತು ಅಂತ ಪೇಪರ್‌ನಲ್ಲಿ ಬರೀತಿದ್ದೆ."

ಅತ್ತೆಗೆ ಕನ್ನಡಕ ಹಾಕಿದರೂ ಅಚ್ಚಿನ ಅಕ್ಷರ ಕಾಣುವುದಿಲ್ಲ. ನನ್ನ ಕಾಲಂ ಅವರಿಗೆ ಗೊತ್ತೇ ಇಲ್ಲ ಎಂಬ ಧೈರ್ಯದಿಂದ ನಾನು ಇಷ್ಟು ದಿನ ಏನೇನು ಬರೆದಿಲ್ಲ? ಅವರ ಹುಳಿಯ ಬಗ್ಗೆ, ಗೊರಕೆಯ ಬಗ್ಗೆ, ಮಡಿಯ ಬಗ್ಗೆ. ಬೀದಿಯ ಹೆಂಗಸರು ಓದಿ ನಕ್ಕಿದ್ದಾರೆ. ನೀವೂ ನಕ್ಕಿದ್ದೀರಿ, ಮುಖ ತಿರುಗಿಸಬೇಡಿ.

"ನಿಮಗೆ ಯಾರು ಹೇಳಿದ್ರು ನಾನು ಬರೀತೀನಿ ಅಂತ?"

"ಅವನು ಓದಿ ಹೇಳ್ತಾನೆ, ಪ್ರತಿ ವಾರ" ಎಂದರು ಅತ್ತೆ.

'ಅವನು' ಹಿಂದೆಯೇ ನಿಂತಿದ್ದರು. ನಾನು ತಿರುಗಿ ನೋಡುವಷ್ಟರಲ್ಲಿ ಸೈಕಲ್ಲಿಗೆ ಗಾಳಿ ಹೊಡೆಯಬೇಕೆಂದು ಮುಂದಕ್ಕೆ ಹೋಗಿದ್ದರು.

ಕಡಪ ಕಲ್ಲನ್ನು ನಾನೇ ಎಳೆದೆ. ಕಾಲುವೆಗೆ ಅಡ್ಡಲಾಗಿ ಹಾಸಿ, ಅಲ್ಲಾಡದಂತೆ ಎರಡು ಕಡೆ ಮಣ್ಣು ಕೊಟ್ಟೆ. ಅತ್ತೆ ಮೆಟ್ಟಿಲಿಳಿದು ಬಂದರು. ಕಲ್ಲಿನ ಮುಂದೆ ಒಂದು ಕ್ಷಣ ನಿಂತು, ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ದಾಟಿದರು. ನೀರು ಕಲ್ಲಿನ ಕೆಳಗೆ ತನ್ನ ಪಾಡಿಗೆ ತಾನು ಹರಿಯಿತು. ಕಕ್ಕಸಿಗೆ ಎಂಟೇ ಹೆಜ್ಜೆಯ ದಾರಿ. ನಾನು ಅವರನ್ನೇ ನೋಡುತ್ತ ನಿಂತಿದ್ದೆ.

ಆ ದಿನದಿಂದ ನನಗೆ ಸರಿಯಾಗಿ ನಿದ್ದೆ ಹತ್ತಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ನಮ್ಮ ಮನೆಗಳಲ್ಲಿ ಎಷ್ಟು ಬಂಗಾರ ಪೇರಿಸಿಟ್ಟಿದ್ದೇವೆ! ಒಂದೇ ಒಲೆಯ ಅನ್ನ ಉಣ್ಣುತ್ತೇವೆ, ಒಂದೇ ಸೂರಿನಡಿ ಮಲಗುತ್ತೇವೆ. ಒಂದು ಕಲ್ಲು ಬೇಕು ಎಂದು ಕೇಳುವುದಕ್ಕಿಂತ ಬಯಲಿನಲ್ಲಿ ಬೀಳುವುದೇ ವಾಸಿ ಅನ್ನಿಸುತ್ತದೆಯೇ? ಯಾವಾಗಲೋ ಸಿಟ್ಟಿನಲ್ಲಿ ಆಡಿದ ಒಂದು ಮಾತು ನನಗೆ ಮರೆತೇಹೋಗಿತ್ತು. ಅವರು ಅದನ್ನು ವರ್ಷಗಟ್ಟಲೆ ಪಾಲಿಸುತ್ತಿದ್ದರು. ಇದನ್ನು ದೊಡ್ಡತನ ಎನ್ನಲೇ, ಹಟ ಎನ್ನಲೇ? ನನಗಿನ್ನೂ ಬಗೆಹರಿದಿಲ್ಲ. ಬಹುಶಃ ಅವರಿಗೂ ಬಗೆಹರಿದಿಲ್ಲ.

"ಇದನ್ನ ಬರೀಲಾ ಅತ್ತೆ?" ಎಂದು ಈ ಸಲ ಕೇಳಿದೆ. ಜೀವಮಾನದಲ್ಲಿ ಮೊದಲ ಸಲ.

"ಬರಿ. ಹುಳಿ ವಿಷಯ ಬರೆದ ಹಾಗೆ ಸುಳ್ಳು ಸೇರಿಸಬೇಡ" ಎಂದರು.

ಸೇರಿಸಿಲ್ಲ. ಹುಳಿ ಮಾತ್ರ ನಿಜಕ್ಕೂ ಉಪ್ಪಾಗಿತ್ತು. (ಇದನ್ನೂ ಅವರು ಓದಿಸಿಕೊಳ್ಳುತ್ತಾರೆ. ಓದಿಸಿಕೊಳ್ಳಲಿ.)

ಅತ್ತೆ ಈಗ ಚೇತರಿಸಿಕೊಂಡಿದ್ದಾರೆ. ಕಾಫಿ ಶುರುವಾಗಿದೆ. ಮಳೆ ಇನ್ನೂ ಬಂದಿಲ್ಲ. ಗುಡಿಯಲ್ಲಿ ಬಿಂದಿಗೆಗಳ ಸಾಲು ಇನ್ನೂ ಉದ್ದವಾಗಿದೆ. ನಿನ್ನೆ ನಾನು ಹಿತ್ತಲಲ್ಲಿ ಕಳೆ ಕಿತ್ತು, ಬಿಸಿಲಿಗೆ ತಲೆ ಕಾದು, ಒಂದು ಕಂತೆ ದಂಟಿನ ಸೊಪ್ಪು ಹಿಡಿದುಕೊಂಡು ಒಳಗೆ ಬಂದೆ. ಸೊಪ್ಪನ್ನು ಹೊಸ್ತಿಲ ಒಳಗೆ ಇಟ್ಟೆ. ನಾನು ಈಚೆಗೆ ನಿಂತೆ. ಅಭ್ಯಾಸ. ಗಂಟಲು ಒಣಗಿತ್ತು.

"ಅತ್ತೆ, ಒಂದು ಲೋಟ ನೀರು."

ಅತ್ತೆ ಒಲೆಯ ಮುಂದೆ ಮಡಿಯಲ್ಲಿದ್ದರು. ತಿರುಗಿ ನೋಡಿದರು. ನನ್ನ ಮುಖ ನೋಡಿದರು, ನನ್ನ ಕಾಲು ನೋಡಿದರು, ಆಮೇಲೆ ಹೊಸ್ತಿಲು ನೋಡಿದರು. ಲೋಟಕ್ಕೆ ಕೈ ಹಾಕಲಿಲ್ಲ. ಎದ್ದು ಬಂದು ಸೊಪ್ಪಿನ ಕಂತೆಯಿಂದ ಒಂದು ದಂಟು ಎಳೆದರು. ಎಲೆ ಸವರಿ ತೆಗೆದು, ಬರೀ ಕಡ್ಡಿಯನ್ನು ಹೊಸ್ತಿಲ ಮೇಲೆ ಅಡ್ಡಲಾಗಿ ಇಟ್ಟರು.

"ಈಗ ದಾಟು. ನೀರು ಮೂಲೆಯ ಕೊಡದಲ್ಲಿದೆ. ನೀನೇ ತಗೊ."

ನಾನು ದಾಟಿದೆ, ಬಗ್ಗಿಸಿಕೊಂಡೆ, ನಿಂತಲ್ಲೇ ಕುಡಿದೆ. ಹದಿಹರೆಯದಲ್ಲಿ ಸೊಸೆಯಾಗಿ ಬಂದವಳ ತಲೆಯಲ್ಲಿ ಈಗ ಬೆಳ್ಳಿ ಕೂದಲು. ಒಂದು ದಂಟಿನ ಕಡ್ಡಿಗೆ ನಾವಿಬ್ಬರೂ ಇಷ್ಟು ವರ್ಷ ಬಾಯಾರಿರಬೇಕಿತ್ತೇ?